ಜೋರು ಗಿಟಾರ್, ಗುನುಗುವ ರಾಗ ಎರಡೂ ಬೇಕಾದರೆ

ಗಿಟಾರ್ ಜೋರಾಗಿರಬೇಕು, ಆದರೂ ರಾಗ ಬಾಯಲ್ಲಿ ಉಳಿಯಬೇಕು, 2020ರ ಈಚಿನ ಇಂಡಿ (ದೊಡ್ಡ ಸಂಗೀತ ಕಂಪನಿಗಳ ಹಂಗಿಲ್ಲದ) ಆಲ್ಬಂ ಯಾವುದಿದೆ ಅಂತ ಕೇಳಿದ್ದೀರಿ. ನಾನಾದರೆ ಮೊದಲು ಕೆನಡಾದ ಆಲ್ವೇಸ್ ತಂಡದ ‘ಬ್ಲೂ ರೆವ್’ ಕೊಡುತ್ತೇನೆ. 2022ರ ಅಕ್ಟೋಬರ್‌ನಲ್ಲಿ ಬಂತು. 14 ಹಾಡುಗಳಿದ್ದರೂ 40 ನಿಮಿಷದೊಳಗೆ ಮುಗಿಯುತ್ತದೆ.

ಈ ಆಲ್ಬಂ ಹುಟ್ಟಿದ್ದು ಕಷ್ಟದಲ್ಲಿ. ಹಿಂದಿನದು 2017ರದ್ದು, ಅಂದರೆ ಐದು ವರ್ಷದ ಅಂತರ. ಗಾಯಕಿ ಮಾಲಿ ರ‍್ಯಾಂಕಿನ್ ಮನೆಗೆ ಕಳ್ಳ ನುಗ್ಗಿ, ಹಾಡುಗಳ ಕರಡು ಇದ್ದ ರೆಕಾರ್ಡರನ್ನೇ ಹೊತ್ತೊಯ್ದ. ಮರುದಿನ ನೆಲಮಾಳಿಗೆಗೆ ನೀರು ನುಗ್ಗಿತು, ವಾದ್ಯಗಳೂ ಹಾಳಾಗುವುದರಲ್ಲಿದ್ದವು. ಕೊನೆಗೆ ನಿರ್ಮಾಪಕ ಶಾನ್ ಎವರೆಟ್ ಜೊತೆ ಸ್ಟುಡಿಯೋಗೆ ಹೋದಾಗ, ಇಡೀ ಆಲ್ಬಂ ಅನ್ನು ಮೊದಲಿಂದ ಕೊನೆಯವರೆಗೆ ಎರಡು ಸಲ ನುಡಿಸಿದರು. ಹಾಡಿಗೂ ಹಾಡಿಗೂ ನಡುವೆ ಬರೀ 15 ಸೆಕೆಂಡ್ ಬಿಡುವು! ಆ ಬಿಸಿ ಕೇಳುವಾಗ ಗೊತ್ತಾಗುತ್ತದೆ. ಗಿಟಾರ್‌ಗಳ ಗದ್ದಲ ದಟ್ಟ ಮಂಜಿನ ಹಾಗೆ ಕವಿದಿರುತ್ತದೆ, ರ‍್ಯಾಂಕಿನ್ ದನಿ ಅದನ್ನು ಸೀಳಿಕೊಂಡು ಬರುತ್ತದೆ. ಮೊದಲ ಸಲ ಸ್ವಲ್ಪ ಗಜಿಬಿಜಿ ಅನ್ನಿಸಬಹುದು. ದಯವಿಟ್ಟು ಅಲ್ಲಿಗೇ ಬಿಡಬೇಡಿ, ಮೂರನೇ ಸಲಕ್ಕೆ ನೀವೇ ಗುನುಗುತ್ತಿರುತ್ತೀರಿ. ಹೆಡ್‌ಫೋನ್ ಇದ್ದರೆ ಇನ್ನೂ ಚೆನ್ನ.

ಇಷ್ಟು ಗದ್ದಲ ಜಾಸ್ತಿ ಆಯ್ತು ಅನ್ನಿಸಿದರೆ ವಾಕ್ಸಹ್ಯಾಚಿಯ ‘ಟೈಗರ್ಸ್ ಬ್ಲಡ್’ ಹಾಕಿ, 2024ರದ್ದು. ವಾಕ್ಸಹ್ಯಾಚಿ ಅನ್ನುವ ಹೆಸರಲ್ಲಿ ಹಾಡುವುದು ಅಮೆರಿಕದ ಅಲಬಾಮಾದ ಕೇಟಿ ಕ್ರಚ್‌ಫೀಲ್ಡ್. ಅಮೆರಿಕದ ಹಳ್ಳಿಗಾಡಿನ ಕಂಟ್ರಿ ಸಂಗೀತದ ಕಡೆ ವಾಲುತ್ತದೆ, ಮೆತ್ತಗಿದೆ. ಸಂಜೆ ಸುಮ್ನೆ ಕೂತು ಕೇಳಲು ನನಗೆ ಇದೇ ಇಷ್ಟ.

ಬಿಗ್ ಥೀಫ್ ತಂಡದ 2022ರ 20 ಹಾಡುಗಳ ಆಲ್ಬಂ ಕೂಡ ಇದೆ. ಅದನ್ನು ಆಮೇಲೆ ಕೇಳಿ, ಅದಕ್ಕೆ ರಜಾದಿನವೇ ಬೇಕು.