ಐದು ಬೆರಳು ಸಮ ಇಲ್ಲ ಅಂದ್ಮೇಲೆ ಪಾಠ ಮಾತ್ರ ಯಾಕೆ ಒಂದೇ ಅಳತೆ?

ಹಿರಿಯೂರು ಕಡೆಯ ಮೇಷ್ಟ್ರೊಬ್ಬರು ನಾಲ್ಕು ಪುಟದ ಕಾಗದ ಬರೆದಿದಾರೆ. ಎಲ್ಲ ಥರದ ಮಕ್ಕಳಿಗೂ ಒಗ್ಗೋ ಹಾಗೆ ಪಾಠ ತಯಾರು ಮಾಡೋದು ಹೇಗೆ ಅಂತ ಹೋದ ಸಂಚಿಕೇಲಿ ನಾವು ಹಾಕಿದ್ದ ಲೇಖನ ಓದಿ ಅವರಿಗೆ ಸಿಟ್ಟು ಬಂದಿದೆ. ಅವರ ಮಾತಲ್ಲೇ ಹೇಳೋದಾದ್ರೆ: "ನನ್ನ ಐದನೇ ಕ್ಲಾಸಲ್ಲಿ 52 ಮಕ್ಕಳು, ಪೀರಿಯಡ್ಡು 40 ನಿಮಿಷ. ಒಬ್ಬೊಬ್ಬರಿಗೆ ಒಂದೊಂದು ಪಾಠ ಮಾಡೋಕೆ ನನಗೇನು ಹತ್ತು ತಲೆ ಇದಾವಾ? ಟ್ರೈನಿಂಗಲ್ಲಿ ಬೇರೆ ನೋಡಿ ಕಲಿಯೋರು, ಕೇಳಿ ಕಲಿಯೋರು, ಮಾಡಿ ಕಲಿಯೋರು ಅಂತ ಮಕ್ಕಳನ್ನ ಮೂರು ಭಾಗ ಮಾಡಿ ಅಂದ್ರು. ಐದು ಬೆರಳೂ ಸಮ ಇರಲ್ಲ ಸಾರ್. ಓದೋ ಮಕ್ಕಳು ಎಲ್ಲಿದ್ರೂ ಓದ್ತಾರೆ, ಉಳಿದವರಿಗೆ ನಾವು ತಲೆ ಚಚ್ಚಿಕೊಂಡ್ರೂ ಅಷ್ಟೇ."

ಮೇಷ್ಟ್ರೇ, ನೀವು ಹೇಳಿದ್ರಲ್ಲಿ ಎರಡು ಮಾತು ಒಪ್ಪಿದೆ. 52 ಮಕ್ಕಳು ಖಂಡಿತ ಜಾಸ್ತಿ, 2009ರ ಆರ್‌ಟಿಇ ಅಂದ್ರೆ ಶಿಕ್ಷಣ ಹಕ್ಕು ಕಾಯ್ದೆ ಐದನೇ ಕ್ಲಾಸಿನವರೆಗೆ 30 ಮಕ್ಕಳಿಗೆ ಒಬ್ಬ ಶಿಕ್ಷಕ ಇರಬೇಕು ಅನ್ನತ್ತೆ. ಮತ್ತೆ ಆ ನೋಡೋರು-ಕೇಳೋರು-ಮಾಡೋರು ಅನ್ನೋ ವಿಂಗಡಣೆ, ಅದನ್ನ ಬಿಟ್ಟುಬಿಡಿ, ಅದಕ್ಕೆ ಗಟ್ಟಿ ಆಧಾರ ಇಲ್ಲ ಅಂತ ಅಮೆರಿಕದ ಮನಶ್ಶಾಸ್ತ್ರಜ್ಞರು 2008ರಲ್ಲೇ ಅಲ್ಲಿವರೆಗಿನ ಅಧ್ಯಯನಗಳನ್ನೆಲ್ಲ ಜಾಲಾಡಿ ಹೇಳಿ ಆಗಿದೆ. ಮಗುವಿನ ಹಣೆಗೆ "ಇವನು ಕೇಳಿ ಕಲಿಯೋನು" ಅಂತ ಚೀಟಿ ಅಂಟಿಸೋದೂ "ಇವನು ದಡ್ಡ" ಅನ್ನೋದೂ ನನ್ನ ಪ್ರಕಾರ ಒಂದೇ ಊರಿನ ಎರಡು ಬೀದಿ.

ಆದ್ರೆ ಬೆರಳಿನ ವಿಷಯಕ್ಕೆ ಬರ್ತೀನಿ, ಅದನ್ನ ನಾನು ಬಿಡಲ್ಲ. ಬೆರಳು ಸಮ ಇಲ್ಲ ಅಂತ ಯಾರೂ ಕಿರುಬೆರಳು ಮಡಚಿಟ್ಟುಕೊಂಡು ಮುದ್ದೆ ಕಟ್ಟಲ್ಲ. ಸಮ ಇಲ್ಲ ಅನ್ನೋದು ನಿಮಗೇ ಗೊತ್ತಿದೆ, ಹಾಗಿದ್ಮೇಲೆ ಎಲ್ಲ ಬೆರಳಿಗೂ ಒಂದೇ ಅಳತೆ ಉಂಗುರ ಮಾಡಿಸಿ, ಹಿಡಿಸದೇ ಇದ್ರೆ ಬೆರಳಿನದೇ ತಪ್ಪು ಅಂತ ಹೇಗೆ ಹೇಳ್ತೀರಿ?

ಇಲ್ಲೊಂದು ಕತೆ ಹೇಳಬೇಕು, ಇದು ಸ್ಕೂಲಿಂದಲ್ಲ, ವಿಮಾನದ್ದು. 1950ರ ಸುಮಾರಿಗೆ ಅಮೆರಿಕದ ವಾಯುಪಡೇಲಿ ಗಿಲ್ಬರ್ಟ್ ಡೇನಿಯಲ್ಸ್ ಅನ್ನೋ ಹುಡುಗ ಅಧಿಕಾರಿ 4,063 ಪೈಲಟ್‌ಗಳ ಮೈ ಅಳತೆ ಕೂತು ಲೆಕ್ಕ ಹಾಕಿದ. ಆಗ ಕಾಕ್‌ಪಿಟ್ಟಿನ ಸೀಟು, ಪೆಡಲ್ಲು ಎಲ್ಲ "ಸರಾಸರಿ ಪೈಲಟ್"ಗೆ ಅಂತ ಮಾಡಿದ್ದು. ಎತ್ತರ, ಎದೆ, ತೋಳು ಹೀಗೆ ಹತ್ತು ಅಳತೆ ತಗೊಂಡು, ಹತ್ತರಲ್ಲೂ ಸರಾಸರಿ ಆಸುಪಾಸಲ್ಲಿರೋರು ಎಷ್ಟು ಜನ ಅಂತ ನೋಡಿದ್ರೆ ಒಬ್ಬನೂ ಇಲ್ಲ, ಸೊನ್ನೆ. ಆಮೇಲೆ ಹಿಂದೆ ಮುಂದೆ ಸರಿಯೋ ಸೀಟು ಬಂತು. ಗಮನಿಸಿ, 4,063 ಥರದ ವಿಮಾನ ಮಾಡಲಿಲ್ಲ, ಅದೇ ವಿಮಾನ, ಸೀಟು ಸರಿಯೋ ಹಾಗೆ ಮಾಡಿದ್ರು ಅಷ್ಟೇ. ನೀವು 52 ಪಾಠ ಮಾಡಬೇಕು ಅಂತ ನಮ್ಮ ಲೇಖನ ಹೇಳೇ ಇಲ್ಲ ಮೇಷ್ಟ್ರೇ, ಒಂದೇ ಪಾಠಕ್ಕೆ ಮೂರ್ನಾಲ್ಕು ಬಾಗಿಲು ಇಡಿ ಅಂದಿದ್ದು.

ಅದು ಹೇಗಿರತ್ತೆ ಅಂದ್ರೆ, ಶಿರಾ ತಾಲೂಕಿನ ಒಂದು ಸರ್ಕಾರಿ ಶಾಲೇಲಿ ಕಣ್ಣಾರೆ ನೋಡಿದ್ದನ್ನ ಹೇಳ್ತೀನಿ. ಭಿನ್ನರಾಶಿ ಪಾಠ. ಮೇಡಮ್ಮು ಬೋರ್ಡಲ್ಲಿ ಬರೆದಿದ್ದು ಒಂದೇ ಪ್ರಶ್ನೆ: ಮುಕ್ಕಾಲು ದೊಡ್ಡದಾ, ಮೂರರಲ್ಲಿ ಎರಡು ಪಾಲು ದೊಡ್ಡದಾ? ಕಾಗದ ಮಡಚಿ ತೋರಿಸಿ, ಚಿತ್ರ ಬರೀರಿ, ಲೆಕ್ಕ ಮಾಡಿ, ಬಾಯಲ್ಲಿ ಹೇಳಿ, ಹೇಗಾದ್ರೂ ಸರಿ, ಆದ್ರೆ ಯಾಕೆ ಅಂತ ಹೇಳಲೇಬೇಕು. ಒಂದು ಹುಡುಗಿ ಎರಡು ಕಾಗದದ ಪಟ್ಟಿ ಇಟ್ಕೊಂಡು ಒಂದನ್ನ ನಾಲ್ಕು ಮಡಿಕೆ ಮಾಡಿದ್ಲು, ಇನ್ನೊಂದನ್ನ ಮೂರು ಮಾಡೋಕೆ ಹೋಗಿ ಸಮ ಬರದೆ ಒದ್ದಾಡ್ತಿದ್ಲು. ಕಿಟಕಿ ಪಕ್ಕ ಕುರಿ ಕಾಯೋರ ಮನೆ ಹುಡುಗ ಒಬ್ಬ, ಅವನ ನೋಟ್‌ಬುಕ್ ನೋಡಿದ್ದೆ, ಪ ಯಾವುದು ಷ ಯಾವುದು ಗೊತ್ತಾಗಲ್ಲ, ಒತ್ತಕ್ಷರ ಬಂದ ಕಡೆಯೆಲ್ಲ ಅಳಿಸಿ ಅಳಿಸಿ ಹಾಳೆ ತೂತು. ಅವನು ಎದ್ದು ನಿಂತು ಹೇಳಿದ: "ಮಿಸ್, 12 ಕುರಿ ಇದಾವೆ ಅನ್ಕಳಿ. ಮುಕ್ಕಾಲು ಅಂದ್ರೆ 9. ಮೂರು ಪಾಲು ಮಾಡಿ ಎರಡು ತಗಂಡ್ರೆ 8. ಮುಕ್ಕಾಲೇ ಒಂದು ಕುರಿ ಜಾಸ್ತಿ."

ಹತ್ತು ಕುರಿ ಅನ್ನಲಿಲ್ಲ, ಇಪ್ಪತ್ತು ಅನ್ನಲಿಲ್ಲ, 12 ಅಂದ! ನಾಲ್ಕರಿಂದಲೂ ಮೂರರಿಂದಲೂ ಸರಿಯಾಗಿ ಭಾಗ ಹೋಗೋ ಅತಿ ಚಿಕ್ಕ ಸಂಖ್ಯೆ, ಲ.ಸಾ.ಅ. ಅಂತ ನಾವು ಮಕ್ಕಳ ತಲೆಗೆ ತುರುಕ್ತೀವಲ್ಲ, ಅದು ಅವನಿಗೆ ಹಟ್ಟೀಲೇ ಸಿಕ್ಕಿತ್ತು. ಮೇಡಮ್ಮು ಅವನ ಮಾತನ್ನೇ ಬೋರ್ಡಲ್ಲಿ 9/12, 8/12 ಅಂತ ಬರೆದ್ರು, ಕಾಗದ ಹಿಡ್ಕೊಂಡು ಒದ್ದಾಡ್ತಿದ್ದ ಹುಡುಗಿ "ಓ" ಅಂದು ಎರಡು ಪಟ್ಟಿಗೂ 12 ಮನೆ ಗೀಚಿದ್ಲು. ಆಮೇಲೆ ಆ ಹುಡುಗನ್ನ ಹಾಗೇ ಕೂರಿಸಲಿಲ್ಲ, ಆ ಎರಡು ಭಿನ್ನರಾಶಿ ಅವನ ಕೈಲೇ ಬರೆಸಿದ್ರು, ನಿಧಾನಕ್ಕೆ, ಪಕ್ಕದಲ್ಲಿ ನಿಂತು. ಗುರಿ ಎಲ್ಲರಿಗೂ ಒಂದೇ, ಸಡಿಲ ಮಾಡಿದ್ದು ದಾರಿ ಮಾತ್ರ. ಇದನ್ನ ಪಾಠ ತೆಳು ಮಾಡೋದು ಅಂತ ಯಾರಾದ್ರೂ ಅಂದ್ರೆ ನನಗೆ ಹೊಟ್ಟೆ ಉರಿಯತ್ತೆ. ಬರೀ ಬರವಣಿಗೆ ಟೆಸ್ಟ್ ಕೊಟ್ಟಿದ್ರೆ ಅವನಿಗೆ ಸೊನ್ನೆ, ಕ್ಲಾಸಿಗೂ ಆ 12 ಕುರಿ ಸಿಗ್ತಿರಲಿಲ್ಲ.

ಇದು ಹೊರಗಿಂದ ಬಂದ ಫ್ಯಾಷನ್ ಅಂತಾನೂ ಬರೆದಿದೀರಿ. ಎಲ್ಲರಿಗೂ ಒಗ್ಗೋ ಹಾಗೆ ಮೊದಲೇ ರೂಪಿಸೋದಕ್ಕೆ ಇಟ್ಟ ಯೂನಿವರ್ಸಲ್ ಡಿಸೈನ್ ಅನ್ನೋ ಹೆಸರು ಅಮೆರಿಕದ್ದು ನಿಜ, ಪೋಲಿಯೋ ಆಗಿ ವೀಲ್‌ಚೇರಲ್ಲಿದ್ದ ರೊನಾಲ್ಡ್ ಮೇಸ್ ಅನ್ನೋ ಆರ್ಕಿಟೆಕ್ಟ್ ಕಟ್ಟಡಗಳ ವಿಷಯಕ್ಕೆ ಬಳಸಿದ ಮಾತು, ಪಾಠಕ್ಕೆ ಆಮೇಲೆ ಬಂತು. ಆದ್ರೆ ನಮ್ಮ ನಲಿ-ಕಲಿ? 1995ರಲ್ಲಿ ಎಚ್.ಡಿ. ಕೋಟೇಲಿ ಶುರುವಾಗಿದ್ದು, ಆಂಧ್ರದ ರಿಷಿವ್ಯಾಲಿ ಶಾಲೆಯ ಪ್ರಯೋಗ ನೋಡ್ಕೊಂಡು ಬಂದು ನಮ್ಮ ಮೇಷ್ಟ್ರುಗಳೇ ಕೂತು ಕಾರ್ಡು ಬರೆದು, ಹಾಡು ಕಟ್ಟಿ, ಕಲಿಕೆಯ ಏಣಿ ಮಾಡಿದ್ದು. ಸುಗ್ಗಿಗೆ ಅಂತ ಹದಿನೈದು ದಿನ ಸ್ಕೂಲ್ ತಪ್ಪಿಸಿದ ಮಗು ವಾಪಸ್ ಬಂದ್ರೆ ತಾನು ಬಿಟ್ಟ ಮೆಟ್ಟಿಲಿಂದಲೇ ಹತ್ತಬಹುದು. ಕೆಲವರು ಮೇಷ್ಟ್ರ ಜೊತೆ, ಕೆಲವರು ಗೆಳೆಯರ ಜೊತೆ, ಕೆಲವರು ತಾವೇ, ಒಂದೇ ಕೋಣೇಲಿ ಒಂದು ಎರಡು ಮೂರನೇ ಕ್ಲಾಸು ಎಲ್ಲ ಒಟ್ಟಿಗೆ ನೆಲದ ಮೇಲೆ ಗುಂಪಾಗಿ. 2009-10ರಿಂದ ರಾಜ್ಯದ ಕನ್ನಡ ಮಾಧ್ಯಮ ಸರ್ಕಾರಿ ಶಾಲೆಗಳಿಗೆಲ್ಲ ಬಂತು.

ನನ್ನ ಸಂಕಟ ಏನಂದ್ರೆ ಅದು ಮೂರನೇ ಕ್ಲಾಸಿಗೇ ನಿಂತುಹೋಗತ್ತೆ. ಮೂರು ವರ್ಷ ಏಣಿ ಹತ್ತಿದ ಮಗು ನಾಲ್ಕನೇ ಕ್ಲಾಸಿಗೆ ಬಂದ ತಕ್ಷಣ ಸಾಲಾಗಿ ಕೂತು "ಪುಟ 14 ತೆಗೀರಿ" ಅನ್ನೋ ಸದ್ದು ಕೇಳಬೇಕು. ನಿಮ್ಮ ಹತ್ರ ಐದನೇ ಕ್ಲಾಸಿಗೆ ಬರೋ ಹೊತ್ತಿಗೆ ಅದು "ಉಳಿದವರು" ಅನ್ನೋ ಗುಂಪಿಗೆ ಸೇರಿರತ್ತೆ.

ಆ ಉಳಿದವರಲ್ಲಿ ಒಬ್ಬ ನನ್ನ ಜೊತೇಲೇ ಇದ್ದ. ನಮ್ಮೂರಲ್ಲಿ ಮೂಡಲಪಾಯ ಬಯಲಾಟ ಆಡ್ತಿದ್ರು, ಇವನ ಅಪ್ಪ ಭಾಗವತ. ಇಡೀ ಪ್ರಸಂಗ ಇವನ ಬಾಯಲ್ಲಿ, ರಾತ್ರಿಯಿಂದ ಬೆಳಗಿನವರೆಗೆ ಯಾರ ಮಾತು ಮರೆತ್ರೂ ಹಿಂದಿಂದ ಎತ್ತಿಕೊಡ್ತಿದ್ದ. ಅಂಥವನು ಏಳನೇ ಕ್ಲಾಸಲ್ಲಿ ಫೇಲಾಗಿದ್ದು ಯಾವುದ್ರಲ್ಲಿ ಅಂದ್ರೆ ಕನ್ನಡದಲ್ಲಿ. ಅಕ್ಷರ ಅವನ ಕಣ್ಣಿಗೆ ನಿಲ್ತಿರಲಿಲ್ಲ, ಪದ್ಯವನ್ನ ಒಂದ್ಸಲ ಓದಿ ಹೇಳಿದ್ರೆ ಸಾಕಿತ್ತು, ಯಾರೂ ಹೇಳಲಿಲ್ಲ, ಗೆಣ್ಣಿಗೆ ಬೆತ್ತದಲ್ಲಿ ಹೊಡೀತಿದ್ರು. ಓದು ಬರಹದ ಈ ತೊಡಕು ಇವತ್ತು 2016ರ ವಿಕಲಚೇತನರ ಹಕ್ಕು ಕಾಯ್ದೆಯ 21 ವೈಕಲ್ಯಗಳ ಪಟ್ಟಿಯಲ್ಲಿದೆ. ಅವತ್ತು ಅದಕ್ಕೆ ಸೋಮಾರಿತನ ಅನ್ನೋದೊಂದೇ ಹೆಸರು.

ಈಗೇನು ಬದಲಾಗಿದೆ ಹೇಳಿ. ಮೇ ತಿಂಗಳು ಬಂದ್ರೆ ಸರ್ಕಲ್ಲು ಸರ್ಕಲ್ಲಿಗೂ ಎಸ್ಸೆಸ್ಸೆಲ್ಸೀಲಿ 625ಕ್ಕೆ 620ರ ಮೇಲೆ ತೆಗೆದ ಮಕ್ಕಳ ಫ್ಲೆಕ್ಸು, 300 ತೆಗೆಯೋಕೆ ಬೆವರು ಸುರಿಸಿದ ಮಗುವಿಗೆ ಕಲಿಸಿದ ಮೇಷ್ಟ್ರ ಫೋಟೋ ಎಲ್ಲಾದ್ರೂ ನೋಡಿದೀರಾ? ನನ್ನ ತಮ್ಮನ ಮಗಳನ್ನ ಒಂದನೇ ಕ್ಲಾಸಿಗೆ ಸೇರಿಸೋಕೆ ಬೆಂಗಳೂರಿನ ಒಂದು ಶಾಲೆಗೆ ಹೋದಾಗ ಆ ಕೂಸಿಗೆ ಇಂಟರ್‌ವ್ಯೂ ಮಾಡಿ, "ಸ್ಲೋ ಇದಾಳೆ" ಅಂತ ವಾಪಸ್ ಕಳಿಸಿದ್ರು, ಸೇರಿಸಿಕೊಳ್ಳೋಕೆ ಪರೀಕ್ಷೆ ಮಾಡಬಾರದು ಅಂತ ಆರ್‌ಟಿಇ 13ನೇ ಸೆಕ್ಷನ್ನಲ್ಲೇ ಇದೆ. ಇನ್ನು ನಿಮ್ಮ ಕೈಗೆ ಹಾಲಿನ ಪುಡಿ ಲೆಕ್ಕ, ಮೊಟ್ಟೆ ಲೆಕ್ಕ, ಮಕ್ಕಳ ವಿವರ ಕಂಪ್ಯೂಟರಿಗೆ ಏರಿಸೋ ಸ್ಯಾಟ್ಸ್ ಎಂಟ್ರಿ, ಎಲೆಕ್ಷನ್ ಡ್ಯೂಟಿ ಎಲ್ಲ ಕೊಟ್ಟು, ಪಾಠ ಯೋಚನೆ ಮಾಡೋ ಹೊತ್ತನ್ನ ಕಿತ್ತುಕೊಂಡಿದಾರೆ. ನಿಮ್ಮ ಸಿಟ್ಟು ಆ ಕಡೆ ತಿರುಗಬೇಕಿತ್ತು, ಕಿಟಕಿ ಪಕ್ಕದ ಹುಡುಗನ ಕಡೆ ತಿರುಗಿದೆ, ಅದೇ ನನಗೆ ನೋವು. ನಾಲ್ಕು ಪುಟ ಕೈಯಲ್ಲಿ ಬರೆಯುವಷ್ಟು ಕಾಳಜಿ ಇರೋ ಮೇಷ್ಟ್ರು "ಅಷ್ಟೇ" ಅಂತ ಕೈ ಚೆಲ್ಲಬಾರದು.

ಎಲ್ಲ ಪಾಠ ಬೇಡ, ಒಂದೇ ಒಂದು ಪಾಠ ಹೀಗೆ ಮಾಡಿ ನೋಡಿ. ಭಿನ್ನರಾಶಿನೇ ಆಗಲಿ. ಯಾವ ವಾರ ಅಂತ ಒಂದು ಕಾರ್ಡ್ ಹಾಕಿ, ನಾನೇ ಬರ್ತೀನಿ, ಹಿಂದಿನ ಬೆಂಚಲ್ಲಿ ಕೂತ್ಕೋತೀನಿ, ಕಾಗದದ ಪಟ್ಟಿ ಕತ್ತರಿಸಿಕೊಡೋ ಕೆಲಸ ನನಗಿರಲಿ.