ಮೋಲ್ಡ್ ಆದ ಮೇಲೆ ದುಡ್ಡು ಬೇಕು

ಪ್ರಶ್ನೆ: ಮೇಡಂ, ನಾನು ಖಾಸಗಿ ಕಂಪನಿಯಲ್ಲಿ ಅಕೌಂಟೆಂಟ್. ಹೆಂಡತಿ ಶಾಲೆಯಲ್ಲಿ ಟೀಚರ್. ಇಬ್ಬರದೂ ಸೇರಿ ತಿಂಗಳಿಗೆ 92 ಸಾವಿರ ಕೈಗೆ ಬರುತ್ತದೆ. ವಿಜಯನಗರದಲ್ಲಿ 17 ಸಾವಿರ ಬಾಡಿಗೆಯ ಮನೆ. ಅಂಜನಾಪುರದಲ್ಲಿ ಅಪ್ಪ ತೆಗೆದಿಟ್ಟ 30x40 ಬಿಡಿಎ ಸೈಟಿದೆ, ಎ ಖಾತಾ, ಅಂದರೆ ಪಾಲಿಕೆ ದಾಖಲೆಯಲ್ಲಿ ಎಲ್ಲ ಸರಿಯಿದೆ. ಉಳಿತಾಯ 18 ಲಕ್ಷ ಇದೆ. ಬ್ಯಾಂಕಿನವರು 40 ಲಕ್ಷ ಸಾಲ ಕೊಡಲು ಒಪ್ಪಿದ್ದಾರೆ. ಕೆಳಗೆ ನಾವು, ಮೇಲೆ ಎರಡು ಬಾಡಿಗೆ ಮನೆ, ಒಟ್ಟು 24 ಚದರ, ಅಂದರೆ 2,400 ಚದರಡಿ. ಕಾಂಟ್ರಾಕ್ಟರ್ ಮೆಟೀರಿಯಲ್ ಸೇರಿ ಚದರಕ್ಕೆ 2 ಲಕ್ಷ 20 ಸಾವಿರ ಹೇಳಿದ್ದಾರೆ. ಲೆಕ್ಕ ಸರಿಹೋಗುತ್ತದೆ ಅಲ್ವಾ? ಧೈರ್ಯ ಮಾಡಲಾ?

ಉತ್ತರ: ನಿಮ್ಮ ಕಾಗದವನ್ನು ಎರಡು ಸಲ ಓದಿದೆ. 24 ಚದರಕ್ಕೆ 52 ಲಕ್ಷ 80 ಸಾವಿರ, ಕೈಯಲ್ಲಿ 58 ಲಕ್ಷ. ಐದು ಲಕ್ಷ ಉಳಿಯುತ್ತದೆ ಎನ್ನುವ ಧೈರ್ಯ ನಿಮಗಿದೆ. ನನಗೆ ಹೆದರಿಕೆ ಇರುವುದು ಆ ಐದು ಲಕ್ಷದ ಮೇಲೇ. 2009ರಲ್ಲಿ ನಾಗರಬಾವಿಯಲ್ಲಿ ನಾವು ಮನೆ ಶುರು ಮಾಡಿದಾಗಲೂ ಪುಸ್ತಕದಲ್ಲಿ ಹೀಗೇ ಸ್ವಲ್ಪ ಉಳಿದಿತ್ತು.

ನಾನು ಬ್ಯಾಂಕಿನಲ್ಲಿ ಮನೆ ಸಾಲದ ಟೇಬಲ್ಲಿನಲ್ಲೇ ಹದಿನಾಲ್ಕು ವರ್ಷ ಕೂತವಳು. ಆದರೂ ನಮ್ಮದೇ ಮನೆಯಲ್ಲಿ ಒಂದು ವಿಷಯ ತಪ್ಪಿತು. ಗುದ್ದಲಿ ಪೂಜೆಯಾದ ಆರೇ ತಿಂಗಳಿಗೆ ಕೆಳಗಿನದೂ ಮೇಲಿನದೂ ಮೋಲ್ಡ್, ಅಂದರೆ ಕಾಂಕ್ರೀಟ್ ಛಾವಣಿ, ಆಯಿತು. ನೆಂಟರೆಲ್ಲ ಬಂದು ‘ಮನೆ ಆಗೇ ಹೋಯ್ತಲ್ಲ’ ಎಂದರು. ಆದರೆ ನಮ್ಮ ದುಡ್ಡೂ ಅಲ್ಲಿಗೇ ಮುಗಿದಿತ್ತು. ಪ್ಲಾಸ್ಟರಿಂಗ್, ವೈರಿಂಗ್, ಪ್ಲಂಬಿಂಗ್, ಟೈಲ್ಸ್, ಬಾಗಿಲು, ಕಿಟಕಿ, ಗ್ರಿಲ್, ಪೇಂಟು ಎಲ್ಲ ಬಾಕಿ. ಮೋಲ್ಡ್ ಆದಾಗ ಕಣ್ಣಿಗೆ ಮನೆ ಮುಕ್ಕಾಲು ಮುಗಿದ ಹಾಗೆ ಕಾಣುತ್ತದೆ. ದುಡ್ಡಿನ ಲೆಕ್ಕದಲ್ಲಿ ಹೆಚ್ಚು ಕಡಿಮೆ ಅರ್ಧ ಬಾಕಿ ಇರುತ್ತದೆ. ಬಾಡಿಗೆ, ಬಡ್ಡಿ ಎರಡೂ ಕಟ್ಟಲಾರದೆ ನಾವು ಕಿಟಕಿಗಳಿಗೆ ಪ್ಲೈವುಡ್ ಹೊಡೆದು ಕೆಳಗಿನ ಮನೆಗೆ ಬಂದುಬಿಟ್ಟೆವು. ಆ ವರ್ಷ ಮಗಳಿಗೆ ಎಸ್‌ಎಸ್‌ಎಲ್‌ಸಿ. ರಾತ್ರಿ ಗಾಳಿಗೆ ಪ್ಲೈವುಡ್ ಪಟಪಟ ಎನ್ನುತ್ತಿತ್ತು. ಅವಳು ಹಳೆ ಪೇಪರ್ ಮಡಚಿ ಸಂದಿಗೆ ತುರುಕಿ ಓದಲು ಕೂರುತ್ತಿದ್ದಳು. ಕಿಟಕಿ ಬರಲು ಎಂಟು ತಿಂಗಳು ಬೇಕಾಯಿತು, ಅದೂ ನನ್ನ ಎರಡೆಳೆ ಸರ ಅಡವಿಟ್ಟ ಮೇಲೆ. ನಿಮ್ಮ ಮನೆಯಲ್ಲಿ ಹಾಗಾಗಬಾರದು.

ಮೊದಲು ಆ ಚದರದ ರೇಟಿನಲ್ಲಿ ಏನೇನು ಸೇರಿದೆ ಎಂದು ಬರೆಸಿಕೊಳ್ಳಿ. ಸಂಪು, ಕಾಂಪೌಂಡ್ ಗೋಡೆ, ಗೇಟು, ಮೇಲಿನ ಟ್ಯಾಂಕು, ಮಳೆನೀರು ಕೊಯ್ಲು ಇವೆಲ್ಲ ಸಾಮಾನ್ಯವಾಗಿ ‘ಎಕ್ಸ್‌ಟ್ರಾ’ ಎಂದು ಆಮೇಲೆ ಬರುತ್ತವೆ. ಬಾಲ್ಕನಿ, ಪೋರ್ಟಿಕೋ, ಮೆಟ್ಟಿಲ ಮೇಲಿನ ಹೆಡ್‌ರೂಮ್ ಪೂರ್ತಿ ಚದರವೋ ಅರ್ಧವೋ ಎನ್ನುವುದನ್ನೂ ಈಗಲೇ ಕೇಳಿ. ನನ್ನ ಟೇಬಲ್ಲಿಗೆ ಬಂದ ಎಷ್ಟೋ ಜಗಳಗಳು ಆ ಅರ್ಧ ಚದರದಿಂದ ಶುರುವಾದವು. ಪ್ಲಾನ್ ಸ್ಯಾಂಕ್ಷನ್ ಶುಲ್ಕ, ಎಂಜಿನಿಯರ್ ಫೀಸು, ಕರೆಂಟು ನೀರಿನ ಡೆಪಾಸಿಟ್ಟು, ಬೋರ್‌ವೆಲ್, ಅಡುಗೆಮನೆಯ ಮರದ ಕೆಲಸ, ಗೃಹಪ್ರವೇಶದ ಊಟ ಇವು ಯಾರ ರೇಟಿನಲ್ಲೂ ಇರುವುದಿಲ್ಲ. ಅದರಲ್ಲೂ ಬೋರ್‌ವೆಲ್‌ಗೆ ಅಡಿ ಲೆಕ್ಕ. ಎಷ್ಟು ಅಡಿಗೆ ನೀರು ಸಿಗುತ್ತದೆ ಎಂದು ಲಾರಿ ಬರುವ ಮುಂಚೆ ಯಾರೂ ಹೇಳಲಾರರು. ಬೆಂಗಳೂರಿನಲ್ಲಿ ಸಾವಿರ ಅಡಿ ದಾಟುವುದು ಈಗ ಹೊಸದಲ್ಲ.

ಇನ್ನು ಸಾಲ. 40 ಲಕ್ಷ ಸ್ಯಾಂಕ್ಷನ್ ಆಯಿತು ಎಂದರೆ 40 ಲಕ್ಷ ಕೈಗೆ ಬಂತು ಅಂತಲ್ಲ. ಮೊದಲು ನಿಮ್ಮ ಪಾಲಿನ ದುಡ್ಡು ಹಾಕಿ ಎನ್ನುತ್ತಾರೆ. ಆಮೇಲೆ ಪಾಯ, ಲಿಂಟಲ್ (ಬಾಗಿಲು ಕಿಟಕಿಗಳ ಮೇಲಿನ ಕಾಂಕ್ರೀಟ್ ಪಟ್ಟಿ), ಮೋಲ್ಡ್, ಪ್ಲಾಸ್ಟರಿಂಗ್ ಹೀಗೆ ಒಂದೊಂದು ಹಂತ ಆದ ಮೇಲೆ ಎಂಜಿನಿಯರ್ ಬಂದು ನೋಡಿ, ವರದಿ ಕೊಟ್ಟು, ದುಡ್ಡು ಬಿಡುಗಡೆ. ಬ್ಯಾಂಕಿನ ದುಡ್ಡು ಕೆಲಸದ ಹಿಂದೆ ಬರುತ್ತದೆ, ಕಾಂಟ್ರಾಕ್ಟರ್ ಕೇಳುವುದು ಕೆಲಸಕ್ಕೆ ಮುಂಚೆ. ನಡುವಿನ ಆ ಎರಡು ಮೂರು ವಾರಕ್ಕೆ ನಿಮ್ಮ ಉಳಿತಾಯವೇ ಆಧಾರ. 18 ಲಕ್ಷವನ್ನು ಪಾಯದಲ್ಲೇ ಹಾಕಿ ಮುಗಿಸಿದರೆ ಪ್ರತಿ ಹಂತದಲ್ಲೂ ಕೆಲಸ ನಿಲ್ಲುತ್ತದೆ. ಒಂದು ಸಲ ಬೇರೆ ಸೈಟಿಗೆ ಹೋದ ಗಾರೆಯವರನ್ನು ವಾಪಸ್ ಕರೆತರುವುದು ಎಷ್ಟು ಕಷ್ಟ ಎಂದು ಕಟ್ಟಿಸಿದವರಿಗೇ ಗೊತ್ತು.

ಶೇ. 8.5 ಬಡ್ಡಿಗೆ, 20 ವರ್ಷಕ್ಕೆ, 40 ಲಕ್ಷದ ಕಂತು ತಿಂಗಳಿಗೆ ಸುಮಾರು 34,700 ರೂಪಾಯಿ. ಕಟ್ಟುವಾಗ ಬಿಡುಗಡೆ ಆದಷ್ಟಕ್ಕೆ ಮಾತ್ರ ಬಡ್ಡಿ, ನಿಜ. ಆದರೆ 17 ಸಾವಿರ ಬಾಡಿಗೆ ನಿಲ್ಲುವುದಿಲ್ಲವಲ್ಲ. ಒಂದು ವರ್ಷದ ಬಾಡಿಗೆಯೇ 2 ಲಕ್ಷ 4 ಸಾವಿರ. ಅರ್ಧ ಸಾಲದ ಮೇಲೆ ವರ್ಷದ ಬಡ್ಡಿ 1 ಲಕ್ಷ 70 ಸಾವಿರ. ನಿಮ್ಮ ಐದು ಲಕ್ಷದಲ್ಲಿ ಮುಕ್ಕಾಲು ಭಾಗ ಇಲ್ಲಿಗೇ ಹೋಯಿತು. ಬೋರ್‌ವೆಲ್ ಲಾರಿ ಇನ್ನೂ ಬಂದಿಲ್ಲ.

ಹಾಗಂತ ಕಟ್ಟಬೇಡಿ ಎನ್ನುತ್ತಿಲ್ಲ. ಖಂಡಿತ ಕಟ್ಟಿ. ಮೂರು ಮನೆಯ ಭಾರಕ್ಕೇ ಪಾಯ ಮತ್ತು ಕಾಲಂ ಲೆಕ್ಕ ಹಾಕಿಸಿ, ಆದರೆ ಈಗ ಕೆಳಗಿನದು ಮತ್ತು ಮೇಲೆ ಒಂದೇ ಮನೆ ಕಟ್ಟಿ. 16 ಚದರಕ್ಕೆ 35 ಲಕ್ಷ 20 ಸಾವಿರ. ಪಾಯಕ್ಕೆ ಇದಕ್ಕಿಂತ ಸ್ವಲ್ಪ ಜಾಸ್ತಿ ಆಗುತ್ತದೆ, ಆಗಲಿ. ಸಾಲ 30 ಲಕ್ಷಕ್ಕೆ ನಿಲ್ಲಿಸಿದರೆ ಕಂತು ಸುಮಾರು 26 ಸಾವಿರ. ಉಳಿತಾಯ ಸೇರಿ 48 ಲಕ್ಷ ಆಯಿತು. ಎಕ್ಸ್‌ಟ್ರಾಗಳಿಗೆ ಹನ್ನೆರಡು ಲಕ್ಷಕ್ಕಿಂತ ಜಾಸ್ತಿ ಸಿಗುತ್ತದೆ. ಅದರಲ್ಲಿ ನಾಲ್ಕು ಲಕ್ಷವನ್ನು ಇವತ್ತೇ ಹೆಂಡತಿಯ ಹೆಸರಿನಲ್ಲಿ ಡೆಪಾಸಿಟ್ ಮಾಡಿ, ಪೇಂಟಿನವರು ಬರುವ ತನಕ ಮುಟ್ಟಬೇಡಿ. ಎರಡನೇ ಮಹಡಿಗೆಂದು ಟೆರೇಸಿನಲ್ಲಿ ಬಿಟ್ಟ ಕಾಲಂ ಕಂಬಿಗಳಿಗೆ ಸಿಮೆಂಟ್ ಹಾಲು ಬಳಿಸಿ, ತೆಳು ಕಾಂಕ್ರೀಟಿನಲ್ಲಿ ಮುಚ್ಚಿಸಿ. ಸುಮ್ನೆ ಮಳೆಗೆ ಬಿಟ್ಟರೆ ತುಕ್ಕು ಹಿಡಿಯುತ್ತದೆ.

ಇನ್ನೆರಡು ಮಾತು ಉಳಿದಿವೆ. 2025ರ ಸೆಪ್ಟೆಂಬರ್ 22ರಿಂದ ಸಿಮೆಂಟಿನ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿದಿದೆ. ಚದರಕ್ಕೆ ಸುಮಾರು 40 ಮೂಟೆ ಬೇಕು, ಹಾಗಾಗಿ ಕಾಂಟ್ರಾಕ್ಟರ್ ರೇಟು ಅದಕ್ಕೂ ಹಿಂದಿನದಾದರೆ ಮತ್ತೆ ಕೂತು ಮಾತಾಡಿ. ಕಬ್ಬಿಣಕ್ಕೆಂದು ಕಾಂಟ್ರಾಕ್ಟರ್ ಕೈಗೆ ದೊಡ್ಡ ಅಡ್ವಾನ್ಸ್ ಕೊಡಬೇಡಿ. ನಮ್ಮಿಂದ ಮೂರು ಲಕ್ಷ ತೆಗೆದುಕೊಂಡವರು ಒಂದೂವರೆ ತಿಂಗಳು ಫೋನ್ ಎತ್ತಲಿಲ್ಲ. ಆ ದುಡ್ಡು ಇನ್ನೊಬ್ಬರ ಮನೆಯ ಮೋಲ್ಡಿಗೆ ಹೋಗಿತ್ತು ಎಂದು ಆಮೇಲೆ ಗೊತ್ತಾಯಿತು. ಕಬ್ಬಿಣದ ಅಂಗಡಿಗೆ ನೀವೇ ಹೋಗಿ, ನಿಮ್ಮ ಹೆಸರಿಗೆ ಬಿಲ್ ಮಾಡಿಸಿ, ನಿಮ್ಮ ಖಾತೆಯಿಂದ ದುಡ್ಡು ಹಾಕಿ, ತೂಕದ ಚೀಟಿ ಇಟ್ಟುಕೊಳ್ಳಿ.

ಪ್ರಶ್ನೆ: ಅಕ್ಕಾ, ಕೆ.ಆರ್. ಪುರಂ ಹತ್ತಿರ ನಮ್ಮದೊಂದು 20x30 ರೆವೆನ್ಯೂ ಸೈಟಿದೆ, ಅಂದರೆ ಮಂಜೂರಾತಿ ಇಲ್ಲದ ಬಡಾವಣೆಯದು. ಬಿ ಖಾತಾ, ಪಾಲಿಕೆ ತೆರಿಗೆ ಕಟ್ಟಿಸಿಕೊಳ್ಳುತ್ತದೆ ಅಷ್ಟೇ. ನಾನು ಟೈಲರಿಂಗ್ ಮಾಡುತ್ತೇನೆ, ಯಜಮಾನರು ಕ್ಯಾಬ್ ಓಡಿಸುತ್ತಾರೆ. ಚೀಟಿ ಎತ್ತಿ 9 ಲಕ್ಷ ಬಂದಿದೆ. ಅಕ್ಕಪಕ್ಕದವರು ಪ್ಲಾನ್ ಇಲ್ಲದೇ ಕಟ್ಟಿದ್ದಾರೆ. ನಾವೂ ಶುರು ಮಾಡೋಣ, ಸಾಲದಿದ್ದರೆ ಆಮೇಲೆ ಸಾಲ ತರೋಣ ಎನ್ನುತ್ತಾರೆ ಇವರು. ಏನು ಮಾಡಲಿ?

ಉತ್ತರ: ತಂಗಿ, ಬೇಡ, ಈಗಲೇ ಶುರು ಮಾಡಬೇಡಿ. ‘ಆಮೇಲೆ ಸಾಲ’ ಎನ್ನುವುದು ನಡೆಯುವ ಮಾತಲ್ಲ. ಬಿ ಖಾತಾಗೆ ಪ್ಲಾನ್ ಸ್ಯಾಂಕ್ಷನ್ ಸಿಗುವುದಿಲ್ಲ, ಪ್ಲಾನ್ ಇಲ್ಲದ ಮನೆಗೆ ನಾನು ಕಂಡ ಬ್ಯಾಂಕುಗಳು ಮನೆ ಸಾಲ ಕೊಡುವುದಿಲ್ಲ. ಆಗ ಉಳಿಯುವುದು ಕೈಸಾಲ, ಮೀಟರ್ ಬಡ್ಡಿ. ಅರ್ಧ ಗೋಡೆಗೆ ನಿಂತ ಮನೆ, ಅದಕ್ಕೆ ತಿಂಗಳ ಬಡ್ಡಿ, ಅದರ ಮೇಲೆ ಚೀಟಿಯ ಉಳಿದ ಕಂತು. ಈ ಮೂರನ್ನೂ ಒಟ್ಟಿಗೆ ಹೊತ್ತವರ ಸಂಕಟ ನಾನು ಕೌಂಟರಿನ ಈಚೆಯಿಂದ ನೋಡಿದ್ದೇನೆ.

ಕರೆಂಟಿನ ವಿಷಯವೂ ಇದೆ. 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಸ್ವಾಧೀನಾನುಭವ ಪತ್ರ (ಪ್ಲಾನಿನಂತೆ ಕಟ್ಟಿದೆ, ವಾಸಕ್ಕೆ ಸರಿ ಎನ್ನುವ ಪತ್ರ) ನೋಡಿಯೇ ಕರೆಂಟು, ನೀರು ಕೊಡಬೇಕು ಎಂದಿತು. ಮನೆ ಎದ್ದು ನಿಂತಿದ್ದರೂ ಮೀಟರ್ ಸಿಗದೆ ಎಷ್ಟೋ ಜನ ಒದ್ದಾಡಿದರು. ಸಣ್ಣ ಸೈಟಿನವರಿಗೆ ಇವತ್ತಿನ ನಿಯಮ ಏನು ಎಂದು ನಿಮ್ಮ ಬೆಸ್ಕಾಂ ಉಪವಿಭಾಗದ ಆಫೀಸಿಗೆ ಹೋಗಿ ಕೇಳಿ. ಅಕ್ಕಪಕ್ಕದವರು ಕಟ್ಟಿದ್ದು ಯಾವಾಗ ಎಂದೂ ವಿಚಾರಿಸಿ. ಐದು ವರ್ಷದ ಹಿಂದೆ ಅವರಿಗೆ ನಡೆದದ್ದು ಈಗ ನಿಮಗೆ ನಡೆಯಬೇಕೆಂದೇನಿಲ್ಲ.

ಮೊದಲು ಇ-ಖಾತಾ ಮಾಡಿಸಿ. ಕಾವೇರಿ ಪೋರ್ಟಲ್‌ನಲ್ಲಿ ಹಳೆಯ ವರ್ಷಗಳಿಂದ ಇಸಿ, ಅಂದರೆ ಋಣಭಾರ ಪತ್ರ, ತೆಗೆಸಿ, ಮೂಲ ಪತ್ರದಿಂದ ನಿಮ್ಮ ಕ್ರಯಪತ್ರದ ತನಕ ಕೊಂಡಿ ತಪ್ಪಿಲ್ಲ ಎಂದು ಒಬ್ಬ ವಕೀಲರಿಗೆ ತೋರಿಸಿ. ಬಿ ಖಾತಾವನ್ನು ಎ ಮಾಡುವ ಅವಕಾಶ ನಿಮ್ಮ ಸೈಟಿಗೆ ಇದೆಯೇ, ಎಷ್ಟು ಕಟ್ಟಬೇಕು ಎಂದು ಪಾಲಿಕೆ ಕಚೇರಿಯಲ್ಲೇ ಕೇಳಿ, ದಲ್ಲಾಳಿಯ ಬಾಯಲ್ಲಿ ಬೇಡ. ಆ 9 ಲಕ್ಷದಲ್ಲಿ ಸ್ವಲ್ಪ ಅದಕ್ಕೇ ಖರ್ಚಾದರೂ ಅದು ಕಳೆದ ದುಡ್ಡಲ್ಲ. ಯಜಮಾನರ ಅವಸರ ನನಗೆ ಅರ್ಥವಾಗುತ್ತದೆ. ಈ ಉತ್ತರವನ್ನು ಅವರಿಗೂ ಓದಿ ಹೇಳಿ.

ಪ್ರಶ್ನೆ: ನಮಸ್ತೆ ಮೇಡಂ. ಉತ್ತರಹಳ್ಳಿಯಲ್ಲಿ ನಮ್ಮ ಮನೆ ಕಟ್ಟುತ್ತಿದ್ದೇವೆ. ಮುಂದಿನ ಗುರುವಾರ ಮೋಲ್ಡ್. ಇಬ್ಬರಿಗೂ ಆಫೀಸು. ನಮಗೆ ಕಟ್ಟಡದ ಕೆಲಸ ಏನೂ ಗೊತ್ತಿಲ್ಲ, ಹೋದರೂ ಏನು ನೋಡುವುದು? ಮೇಸ್ತ್ರಿ ‘ನೀವು ಬರಬೇಡಿ, ನಾನಿದ್ದೀನಲ್ಲ’ ಎನ್ನುತ್ತಾರೆ.

ಉತ್ತರ: ರಜೆ ಹಾಕಿ. ಇಬ್ಬರಲ್ಲಿ ಒಬ್ಬರಾದರೂ ಬೆಳಿಗ್ಗೆ ಏಳಕ್ಕೆ ಅಲ್ಲಿರಿ. ಗೊತ್ತಿಲ್ಲದಿದ್ದರೂ ನೋಡಬಹುದಾದದ್ದು ಬೇಕಾದಷ್ಟಿದೆ.

ಹಿಂದಿನ ದಿನವೇ ನಿಮ್ಮ ಎಂಜಿನಿಯರ್ ಬಂದು ಕಂಬಿ ನೋಡಿ ಒಪ್ಪಬೇಕು. ಅವರು ಒಪ್ಪದೆ ಮಿಕ್ಸರ್ ತಿರುಗಬಾರದು. ಕಂಬಿಯ ಕೆಳಗೆ ಕವರ್ ಬ್ಲಾಕ್ ಎನ್ನುವ ಪುಟ್ಟ ಸಿಮೆಂಟ್ ಬಿಲ್ಲೆಗಳಿರಬೇಕು. ಬಗ್ಗಿ ನೋಡಿ, ಕಂಬಿ ಕೆಳಗೆ ಹಾಸಿದ ಸೆಂಟ್ರಿಂಗ್ ಶೀಟಿಗೆ ತಾಗಿದ್ದರೆ ಅಲ್ಲೇ ಹೇಳಿ. ತಾಗಿದ ಕಡೆ ಕೆಲವು ವರ್ಷಕ್ಕೆ ತುಕ್ಕು ಹಿಡಿದು ಸೀಲಿಂಗ್ ಉದುರುತ್ತದೆ. ಫ್ಯಾನ್ ಬಾಕ್ಸ್, ವೈರಿಂಗ್ ಪೈಪು ಕೂತಿವೆಯಾ ಎಣಿಸಿ. ಎಲ್ಲದರ ಫೋಟೋ ತೆಗೆದುಕೊಳ್ಳಿ, ನಾಳೆ ಡ್ರಿಲ್ ಮಾಡುವಾಗ ಬೇಕಾಗುತ್ತದೆ.

ಕಾಂಕ್ರೀಟ್ ಶುರುವಾದ ಮೇಲೆ ನಿಮ್ಮ ಕಣ್ಣು ನೀರಿನ ಮೇಲಿರಲಿ. ಒಂದು ಮೂಟೆ ಸಿಮೆಂಟಿಗೆ ಒಂದೂವರೆ ಪಾಲು ಎಂ ಸ್ಯಾಂಡ್, ಮೂರು ಪಾಲು ಜಲ್ಲಿ ಎಂದು ಬಾಕ್ಸಿನಲ್ಲಿ ಅಳೆಯುತ್ತಾರೆ. ನೀರನ್ನು ಮಾತ್ರ ಅಳೆಯದೆ ಪೈಪಿನಲ್ಲೇ ಬಿಡುತ್ತಾರೆ. ನೀರು ಜಾಸ್ತಿಯಾದರೆ ಹರಡಲು ಸುಲಭ, ಆದರೆ ಬಲ ಕಡಿಮೆಯಾಗುತ್ತದೆ. ನಾನು ಕೊಡೆ ಹಿಡಿದು ಮಿಕ್ಸರ್ ಪಕ್ಕದಲ್ಲೇ ಕೂತಿದ್ದೆ. ಮಧ್ಯಾಹ್ನ ಊಟವಾದ ಮೇಲೆ ಕಾಂಕ್ರೀಟ್ ಸಾರಿನ ಹಾಗೆ ಬರತೊಡಗಿತು. ‘ಅಣ್ಣಾ, ನೀರು ಕಡಿಮೆ ಮಾಡಿ’ ಎಂದೆ. ‘ಬಿಸಿಲು ಮೇಡಂ, ಬೇಗ ಗಟ್ಟಿಯಾಗುತ್ತೆ’ ಎಂದರು. ಎಂಜಿನಿಯರ್‌ಗೆ ಫೋನ್ ಹಚ್ಚಿ ಕೈಗೆ ಕೊಟ್ಟೆ. ಅಲ್ಲಿಂದ ಬಕೆಟ್ಟಿನಲ್ಲಿ ಅಳೆದು ಹಾಕಿದರು. ಅವತ್ತು ಖಾಲಿಯಾದ ಮೂಟೆಗಳನ್ನೂ ಎಣಿಸಿ. ಐದು ಇಂಚು ದಪ್ಪದ ಹತ್ತು ಚದರದ ಮೋಲ್ಡಿಗೆ ಬೀಮ್ ಬಿಟ್ಟು ಹೆಚ್ಚು ಕಡಿಮೆ 95 ಮೂಟೆ ಬೇಕು. ಎಪ್ಪತ್ತಕ್ಕೇ ಮುಗಿದಿದ್ದರೆ ಯಾಕೆಂದು ಕೇಳುವ ಹಕ್ಕು ನಿಮಗಿದೆ.

ಕಾಂಕ್ರೀಟನ್ನು ಅಲುಗಿಸಿ ಕೂರಿಸುವ ವೈಬ್ರೇಟರ್ ಎರಡು ತರಿಸಿ, ಒಂದು ಕೆಟ್ಟರೆ ಕೆಲಸ ನಡುವೆ ನಿಲ್ಲಬಾರದು. ಟಾರ್ಪಾಲು ಇರಲಿ. ಸಂಜೆ ಮಳೆಯ ಊರು ನಮ್ಮದು.

ಸಂಜೆ ಕೆಲಸದವರಿಗೆ ಒಳ್ಳೆ ಊಟ ಹಾಕಿಸಿ, ತಲೆಯ ಮೇಲೆ ಬಾಂಡ್ಲಿ ಹೊತ್ತ ಹೆಣ್ಣುಮಕ್ಕಳಿಗೂ ಸೇರಿಸಿ. ಮಾರನೇ ದಿನದಿಂದ ಕ್ಯೂರಿಂಗ್. ಮೇಲೆ ಗಾರೆಯಲ್ಲಿ ಸಣ್ಣ ಸಣ್ಣ ಕಟ್ಟೆ ಕಟ್ಟಿ ನೀರು ನಿಲ್ಲಿಸುತ್ತಾರೆ. ಈಗ ಎಲ್ಲರೂ ಹಾಕುವ ಪಿಪಿಸಿ (ಹಾರುಬೂದಿ ಬೆರೆಸಿದ) ಸಿಮೆಂಟಿಗೆ ಕನಿಷ್ಠ ಹತ್ತು ದಿನ ಬೇಕು, ನೀವು ಹದಿನಾಲ್ಕು ದಿನ ನಿಲ್ಲಿಸಿ. ಅದಕ್ಕೆ ಕಾವೇರಿ ನೀರು ಬೇಡ. 2024ರ ಮಾರ್ಚ್‌ನ ಬರದಲ್ಲಿ ಕುಡಿಯುವ ನೀರನ್ನು ಕಟ್ಟಡಕ್ಕೆ ಬಳಸಿದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಹೇಳಿದ್ದು ನೆನಪಿರಬಹುದು. ಟ್ಯಾಂಕರ್ ಈಗಲೇ ಹೇಳಿಡಿ. ಮೋಲ್ಡಿಗೆ ಕೆಳಗಿನಿಂದ ಆಸರೆ ಕೊಟ್ಟ ಸೆಂಟ್ರಿಂಗ್‌ನವರು ಬೇರೆ ಸೈಟಿಗೆ ಬೇಕೆಂದು ಒಂದೇ ವಾರಕ್ಕೆ ಕಂಬ ಬಿಚ್ಚಲು ಬರುತ್ತಾರೆ. ಎಂಜಿನಿಯರ್ ಹೇಳುವ ತನಕ ಬಿಚ್ಚಿಸಬೇಡಿ. ಬೀಮಿನ ಕೆಳಗಿನವು ಎರಡು ಮೂರು ವಾರ ಇರಬೇಕಾಗುತ್ತದೆ.

ಶುಕ್ರವಾರ ಬೆಳಿಗ್ಗೆ ಆಫೀಸಿಗೆ ಹೋಗುವ ಮುಂಚೆ ಒಂದು ಸಲ ಮೇಲೆ ಹತ್ತಿ. ಕಟ್ಟೆಯೊಳಗೆ ನೀರಿಲ್ಲದಿದ್ದರೆ ಯಾರಿಗೂ ಕಾಯಬೇಡಿ, ಚಪ್ಪಲಿ ಬಿಟ್ಟು ನೀವೇ ಪೈಪು ಹಿಡಿಯಿರಿ.