ಊರಂಗಡಿಯ ಸಾಮಾನು, ನಮ್ಮ ಮನೆಯ ಒಲೆ

ಪ್ರಶ್ನೆ: ಮೂಡಿಗೆರೆ ರಸ್ತೆಯಲ್ಲಿ, ಸುತ್ತಲಿನ ರೈತರು ತಂದುಕೊಡುವ ಪದಾರ್ಥಗಳನ್ನೇ ಮಾರುವ ಚಿಕ್ಕ ಅಂಗಡಿಯೊಂದಿದೆ. ಅಲ್ಲಿಂದ ರಾಜಮುಡಿ ಅಕ್ಕಿ, ಜೋನಿಬೆಲ್ಲ (ದ್ರವರೂಪದ ಬೆಲ್ಲ) ಮತ್ತು ಹಸಿ ಕಳಲೆಯನ್ನು (ಬಿದಿರಿನ ಎಳೆಮೊಳಕೆ) ತಂದಿದ್ದೆ. ಅನ್ನ ಬೇಯದೆ ಗಟ್ಟಿಯಾಗಿ ಉಳಿಯಿತು, ಪಾಯಸದ ಹಾಲು ಒಡೆಯಿತು, ಕಳಲೆ ಪಲ್ಯ ಕಹಿಯಾಯಿತು. ತಪ್ಪು ಸಾಮಾನಿನದೋ, ನನ್ನದೋ?
– ಓದುಗರು, ಚಿಕ್ಕಮಗಳೂರು

ಉತ್ತರ: ಪಾಲಿಶ್ ಮಾಡಿದ ಅಕ್ಕಿಗೂ ಪೊಟ್ಟಣದ ಸಕ್ಕರೆಗೂ ರೂಢಿಯಾದ ಕ್ರಮವನ್ನೇ ಇವುಗಳಿಗೂ ಅನುಸರಿಸಿದ್ದೀರಿ ಎಂದು ತೋರುತ್ತದೆ. ಹಾಸನ ಜಿಲ್ಲೆಯ ಹೊಳೆನರಸೀಪುರದ ಕಡೆ ಬೆಳೆಯುವ ರಾಜಮುಡಿಯಲ್ಲಿ ಕೆಂಪು ತೌಡು ಉಳಿದಿರುವುದರಿಂದ ನೀರು ಒಳಗಿಳಿಯಲು ಹೊತ್ತು ಬೇಕು. ಒಂದು ಗಂಟೆ ನೆನೆಸಿ, ಒಂದು ಲೋಟ ಅಕ್ಕಿಗೆ ಮೂರು ಲೋಟ ನೀರಿಟ್ಟು ಬೇಯಿಸಿರಿ. ಹೊಸ ಅಕ್ಕಿಯಾದರೆ ನೀರು ಕಡಿಮೆ ಸಾಕು, ಹಳೆಯದಾದರೆ ಹೆಚ್ಚು ಬೇಕು. ಆದ್ದರಿಂದ ಭತ್ತ ಯಾವಾಗ ಕೊಯ್ದದ್ದೆಂದು ಅಂಗಡಿಯವರನ್ನೇ ಕೇಳಿರಿ. ಪೊಟ್ಟಣದ ಅಂಗಡಿಯಲ್ಲಿ ಈ ಪ್ರಶ್ನೆಗೆ ಉತ್ತರ ಸಿಗುವುದು ಅಪರೂಪ.

ಬೆಲ್ಲದಲ್ಲಿ ಅಲ್ಪ ಹುಳಿಯಿರುವುದರಿಂದ ಅದು ಕುದಿಯುವ ಹಾಲಿಗೆ ಬಿದ್ದರೆ ಹಾಲು ಒಡೆಯುತ್ತದೆ. ಒಲೆ ಆರಿಸಿ, ಪಾಯಸ ಉಗುರುಬೆಚ್ಚಗಾದ ಮೇಲೆ ಜೋನಿಬೆಲ್ಲ ಸೇರಿಸಿರಿ. ನನ್ನನ್ನು ಕೇಳಿದರೆ, ಜೋನಿಬೆಲ್ಲಕ್ಕೆ ಹಸುವಿನ ಹಾಲಿಗಿಂತ ತೆಂಗಿನ ಹಾಲೇ ಜೊತೆ: ತುರಿಯನ್ನು ಎರಡನೆಯ ಸಲ ಹಿಂಡಿದ ತೆಳು ಹಾಲಿನಲ್ಲಿ ಅಕ್ಕಿ ಬೇಯಿಸಿ, ಮೊದಲ ಸಲ ಹಿಂಡಿದ ಗಟ್ಟಿ ಹಾಲನ್ನು ಕೊನೆಯಲ್ಲಿ ಸೇರಿಸಿ ಕುದಿಯದಂತೆ ಇಳಿಸಿಬಿಡಬೇಕು.

ಕಳಲೆಯ ವಿಷಯದಲ್ಲಿ ಮಾತ್ರ ನಿಷ್ಠುರವಾಗಿ ಹೇಳಬೇಕಾಗಿದೆ. ಎಳೆಬಿದಿರಿನ ಆ ಕಹಿ ಬರಿಯ ರುಚಿಯ ದೋಷವಲ್ಲ. ಹಸಿ ಕಳಲೆಯಲ್ಲಿರುವ ಟ್ಯಾಕ್ಸಿಫಿಲಿನ್ ಎಂಬ ಅಂಶ ಒಡೆದಾಗ ಸಯನೈಡ್ ಬಿಡುಗಡೆಯಾಗುತ್ತದೆ. ಮಲೆನಾಡಿನ ಅಜ್ಜಿಯಂದಿರು ಅದನ್ನು ತೆಳುವಾಗಿ ಹೆಚ್ಚಿ, ದಿನಕ್ಕೊಮ್ಮೆ ನೀರು ಬದಲಿಸುತ್ತ ಮೂರು ದಿನ ನೆನೆಸಿಡುತ್ತಿದ್ದುದು ಸುಮ್ಮನೆ ಅಲ್ಲ. ಆಮೇಲೂ ಹೊಸ ನೀರಿನಲ್ಲಿ, ಪಾತ್ರೆಗೆ ಮುಚ್ಚಳ ಹಾಕದೆ, ಇಪ್ಪತ್ತು ನಿಮಿಷ ಕುದಿಸಿ ಆ ನೀರನ್ನು ಚೆಲ್ಲಬೇಕು. ಬಳಿಕ ಮೊಳಕೆ ಬಂದ ಹೆಸರುಕಾಳು ಮತ್ತು ತೆಂಗಿನತುರಿ ಸೇರಿಸಿ ಪಲ್ಯ ಮಾಡಿ ನೋಡಿ. ಕಹಿಯಾದ ಪಲ್ಯ ಇನ್ನೂ ಉಳಿದಿದ್ದರೆ, ಹೊಟ್ಟೆ ಉರಿದರೂ ಚೆಲ್ಲಿಬಿಡಿ.

ಪ್ರಶ್ನೆ: ಅಂಥದೇ ಅಂಗಡಿಯಲ್ಲಿ ಒಣಗಿದ ಉಪ್ಪಾಗೆ (ಹುಳಿಗೆ ಬಳಸುವ ಕಾಡುಹಣ್ಣು) ಸಿಪ್ಪೆಯನ್ನೂ ಕೆಸುವಿನ ಎಲೆಯನ್ನೂ ಕಂಡೆ. ಎರಡನ್ನೂ ಕೂಡಿಸಿ ಏನಾದರೂ ಮಾಡಬಹುದೇ?
– ಓದುಗರು, ಸಕಲೇಶಪುರ

ಉತ್ತರ: ಧಾರಾಳವಾಗಿ ಪತ್ರೊಡೆ ಮಾಡಬಹುದು. ಮಳೆಗಾಲದಲ್ಲಿ ಮರದ ಮೇಲೆ ಬೆಳೆಯುವ ಮರಗೆಸು ಸಿಕ್ಕಿದರೆ ಇನ್ನೂ ಚೆನ್ನ. ಕೆಸುವಿನಲ್ಲಿರುವ ಆಕ್ಸಲೇಟಿನ ಸೂಜಿಯಂಥ ಹರಳುಗಳಿಂದ ಗಂಟಲು ತುರಿಸುವುದರಿಂದ ಹುಳಿ ಧಾರಾಳವಾಗಿರಬೇಕು, ಬೇಯುವುದೂ ಚೆನ್ನಾಗಿ ಆಗಬೇಕು. ಉಪ್ಪಾಗೆಯನ್ನು ಬಿಸಿನೀರಿನಲ್ಲಿ ನೆನೆಸಿ, ಅದರ ರಸದೊಂದಿಗೆ ನೆನೆದ ಅಕ್ಕಿ, ಕೊತ್ತಂಬರಿ, ಒಣಮೆಣಸಿನಕಾಯಿ, ತೆಂಗಿನಕಾಯಿ ಮತ್ತು ಚೂರು ಬೆಲ್ಲವನ್ನು ತರಿತರಿಯಾಗಿ ರುಬ್ಬಿರಿ. ನಾರು ತೆಗೆದ ಎಲೆಯ ಮೇಲೆ ಹಿಟ್ಟು ಸವರಿ, ಎಲೆಯ ಮೇಲೆ ಎಲೆಯಿಟ್ಟು ಸುರುಳಿ ಸುತ್ತಿ, ಮುಕ್ಕಾಲು ಗಂಟೆ ಹಬೆಯಲ್ಲಿ ಬೇಯಿಸಿರಿ. ಆರಿದ ಮೇಲೆಯೇ ಕತ್ತರಿಸಿರಿ. ಬಿಸಿಯಿರುವಾಗ ಕತ್ತರಿಸಿದರೆ ಸುರುಳಿ ಬಿಚ್ಚಿಕೊಳ್ಳುತ್ತದೆ.